ಕೆಲಸದ ಜಾಗದಲ್ಲಿ ಗಾಯವಾದಾಗ: ಕಾರ್ಮಿಕರ ಪರಿಹಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳಿಂದ ಹಿಡಿದು ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳು, ಸಂಡೂರಿನ ಗಣಿಗಳು, ಬಳ್ಳಾರಿಯ ಜೀನ್ಸ್ ಘಟಕಗಳು ಮತ್ತು ರಾಯಚೂರಿನ ಹತ್ತಿ ಜಿನ್ನಿಂಗ್ ಗಿರಣಿಗಳವರೆಗೆ ನಮ್ಮ ಭಾಗದ ಲಕ್ಷಾಂತರ ಜನ ಯಂತ್ರ, ಬೆಂಕಿ, ಧೂಳು ಮತ್ತು ಭಾರದ ನಡುವೆ ದುಡಿಯುತ್ತಾರೆ. ಗಾಯಗೊಂಡ ಕಾರ್ಮಿಕರ ಮತ್ತು ಅವರ ಮನೆಯವರ ಪರಿಹಾರದ ಅರ್ಜಿಗಳನ್ನು ಬರೆದುಕೊಡುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಕಾನೂನು ದುರ್ಬಲವಾಗಿರುವುದರಿಂದ ಸೋತ ಪ್ರಕರಣಗಳನ್ನು ನಾನು ಕಂಡಿರುವುದು ಕಡಿಮೆ. ಮೊದಲ ನಾಲ್ಕೈದು ದಿನಗಳಲ್ಲಿ ಯಾರೋ ಹೇಳಿದಂತೆ ಬರೆಸಿದ ಒಂದು ಚೀಟಿಯಿಂದ ಅಥವಾ ಓದದೆ ಹಾಕಿದ ಒಂದು ಸಹಿಯಿಂದ ಸೋತವನ್ನು ಕಂಡಿರುವುದೇ ಹೆಚ್ಚು.

ಆಸ್ಪತ್ರೆಯ ಬಿಲ್ಲನ್ನೆಲ್ಲ ಮಾಲೀಕರೇ ಕಟ್ಟಿದ್ದಾರೆ. ಇನ್ನು ಪರಿಹಾರ ಕೇಳಬಹುದೇ?

ಖಂಡಿತವಾಗಿ ಕೇಳಬಹುದು. ನಮ್ಮ ಕಡೆ ಈ ಪ್ರಶ್ನೆ ಬರುವುದು ಸಾಮಾನ್ಯವಾಗಿ ಹೀಗೆ: "ಸಾವ್ಕಾರ್ರು ಆಸ್ಪತ್ರಿ ಖರ್ಚೆಲ್ಲಾ ನೋಡ್ಕೊಂಡಾರ್ರೀ, ಮ್ಯಾಲೆ ಮತ್ತ ಏನಂತ ಕೇಳೂದು?" ಹೀಗೆ ಕೇಳುವವರಲ್ಲಿ ಸಂಕೋಚವಿದೆ, ಉಪಕಾರ ಸ್ಮರಣೆಯಿದೆ, ಎರಡನ್ನೂ ನಾನು ಗೌರವಿಸುತ್ತೇನೆ. ಆದರೆ ಕಾನೂನಿನ ಪ್ರಕಾರ ಚಿಕಿತ್ಸೆಯ ವೆಚ್ಚ ಬೇರೆ, ಪರಿಹಾರ ಬೇರೆ. ಕೆಲಸದಲ್ಲಾದ ಗಾಯದ ಚಿಕಿತ್ಸೆಗೆ ತಗಲಿದ ನಿಜವಾದ ಖರ್ಚನ್ನು ಮಾಲೀಕರು ಭರಿಸಲೇಬೇಕು, ಮತ್ತು ಹಾಗೆ ಚಿಕಿತ್ಸೆಗಾಗಿ ಕೊಟ್ಟ ಹಣವನ್ನು ಪರಿಹಾರವೆಂದು ಪರಿಗಣಿಸುವಂತಿಲ್ಲ ಎಂದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 4ನೇ ಕಲಂನಲ್ಲೇ ಬರೆಯಲಾಗಿದೆ. ಚಿಕಿತ್ಸೆ ಗಾಯವನ್ನು ಮಾಯಿಸುತ್ತದೆ. ಪರಿಹಾರವು ಆ ಗಾಯದಿಂದ ಮುಂದಿನ ಬದುಕಿನುದ್ದಕ್ಕೂ ಕಡಿಮೆಯಾಗುವ ಗಳಿಕೆಗೆ ಕೊಡುವ ಹಣ.

ಹೊಸ ಕಾರ್ಮಿಕ ಸಂಹಿತೆ ಬಂದಿದೆಯಂತೆ. ಈಗ ಯಾವ ಕಾನೂನು ಅನ್ವಯಿಸುತ್ತದೆ?

1923ರ ಕಾರ್ಮಿಕರ ಪರಿಹಾರ ಕಾಯ್ದೆಯು ಸುಮಾರು ನೂರು ವರ್ಷ ಈ ವಿಷಯವನ್ನು ಆಳಿತು; 2010ರಿಂದ ಅದಕ್ಕೆ ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಬಂತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದ ಮೇಲೆ ಹಳೆಯ ಕಾಯ್ದೆಯ ತಿರುಳು ಆ ಸಂಹಿತೆಯ 7ನೇ ಅಧ್ಯಾಯದೊಳಗೆ ಸೇರಿದೆ. ಅದಕ್ಕಿಂತ ಹಿಂದಿನ ಅಪಘಾತಗಳ ಪ್ರಕರಣಗಳು ಹಳೆಯ ಕಾಯ್ದೆಯಂತೆಯೇ ನಡೆಯುತ್ತವೆ. ಪರಿಹಾರದ ಅರ್ಜಿಗಳನ್ನು ವಿಚಾರಿಸಿ ತೀರ್ಮಾನಿಸುವ ಹಳೆಯ ಕಾಯ್ದೆಯ ಆಯುಕ್ತರನ್ನು ಸಂಹಿತೆ ಸಕ್ಷಮ ಪ್ರಾಧಿಕಾರಿ ಎಂದು ಕರೆಯುತ್ತದೆ. ಪರಿಹಾರದ ಲೆಕ್ಕದ ಸೂತ್ರ ಎರಡರಲ್ಲೂ ಒಂದೇ. ಕನಿಷ್ಠ ಮೊತ್ತ ಮತ್ತು ಬಡ್ಡಿದರದಂಥ ಅಂಕಿಗಳನ್ನು ಮಾತ್ರ ಸಂಹಿತೆಯು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಈ ಬರಹದಲ್ಲಿ ಬರುವ ಅಂಕಿಗಳು 1923ರ ಕಾಯ್ದೆ ಮತ್ತು ಅದರ ಅಧಿಸೂಚನೆಗಳಲ್ಲಿ ಇರುವಂಥವು.

ಗಾಯವಾದ ದಿನವೇ ನಾವು ಮಾಡಬೇಕಾದ ಕೆಲಸ ಯಾವುದು?

ಮೊದಲು ಚಿಕಿತ್ಸೆ; ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆದರೆ ಆಸ್ಪತ್ರೆಯಲ್ಲಿ ವೈದ್ಯರು "ಹೇಗಾಯಿತು?" ಎಂದು ಕೇಳುವ ಆ ಒಂದು ನಿಮಿಷ ಬಹಳ ಮುಖ್ಯ. ಅಲ್ಲಿ ಹೇಳಿದ್ದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ, ಮತ್ತು ಎರಡು ವರ್ಷಗಳ ನಂತರ ವಿಚಾರಣೆಯಲ್ಲಿ ಎದುರು ಪಕ್ಷದ ವಕೀಲರು ಮೊದಲು ತೆರೆಯುವ ಹಾಳೆ ಅದೇ.

ಒಂದು ಪ್ರಕರಣವನ್ನು ಹೇಳುತ್ತೇನೆ. ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಮೇಲೆತ್ತುವ ಎಲಿವೇಟರಿನ ಪಟ್ಟಿಗೆ ಸಿಕ್ಕು ಮೂವತ್ತೈದು ವರ್ಷದ ಒಬ್ಬರ ಬಲಗೈಯ ಮೂರು ಬೆರಳುಗಳು ಹೋದವು. ಅವರನ್ನು ಆಸ್ಪತ್ರೆಗೆ ಕರೆತಂದ ಗಿರಣಿಯ ಗುಮಾಸ್ತರು, ಪೊಲೀಸರ ರಗಳೆ ಬೇಡವೆಂದು, ಮನೆಯಲ್ಲಿ ಮೇವು ಕತ್ತರಿಸುವಾಗ ಆಯಿತೆಂದು ಬರೆಸಿದರು. ಗಾಯಾಳು ಆಗ ಎಚ್ಚರ ತಪ್ಪಿದ ಸ್ಥಿತಿಯಲ್ಲಿದ್ದರು. ಆ ಮನೆಯಲ್ಲಿ ದನವೂ ಇರಲಿಲ್ಲ, ಮೇವು ಕತ್ತರಿಸುವ ಯಂತ್ರವೂ ಇರಲಿಲ್ಲ. ಆದರೂ ಆ ಒಂದು ಸಾಲನ್ನು ಸುಳ್ಳೆಂದು ತೋರಿಸಲು ಜೊತೆಯ ಹಮಾಲರಿಬ್ಬರ ಸಾಕ್ಷಿ ಬೇಕಾಯಿತು, ಮತ್ತು ಅದೇ ಗಿರಣಿಯಲ್ಲಿ ಹೊಟ್ಟೆ ಹೊರೆಯುತ್ತಿದ್ದ ಅವರಿಬ್ಬರನ್ನು ಸಾಕ್ಷಿ ಹೇಳಲು ಒಪ್ಪಿಸುವುದಕ್ಕೆ ತಿಂಗಳುಗಳೇ ಹಿಡಿದವು.

ಆದ್ದರಿಂದ ಗಾಯ ಎಲ್ಲಿ, ಯಾವ ಯಂತ್ರದಲ್ಲಿ, ಯಾವ ಕೆಲಸ ಮಾಡುವಾಗ ಆಯಿತೆಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಸಬೇಕು. ವೈದ್ಯರಿಗೆ ಇದನ್ನು ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಲು ಕೇಳಬೇಕು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಮೊದಲಿನ ವಿಮ್ಸ್) ಆಗಲಿ, ರಾಯಚೂರಿನ ರಿಮ್ಸ್ ಆಗಲಿ, ಕೊಪ್ಪಳದ ಕಿಮ್ಸ್ ಆಗಲಿ, ಯಾವುದೇ ಖಾಸಗಿ ಆಸ್ಪತ್ರೆಯಾಗಲಿ, ಬಿಡುಗಡೆಯ ದಿನ ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ ಫಿಲ್ಮುಗಳು ಮತ್ತು ಔಷಧದ ಬಿಲ್ಲುಗಳನ್ನು ಕೈಗೆ ತೆಗೆದುಕೊಂಡೇ ಹೊರಡಬೇಕು. ಮಾಲೀಕರಿಗೆ ಲಿಖಿತವಾಗಿ ತಿಳಿಸಬೇಕು. ನೋಂದಾಯಿತ ಅಂಚೆಯ ರಸೀತಿಯಿದ್ದರೆ ಒಳ್ಳೆಯದು, ಇಲ್ಲದಿದ್ದರೆ ವಾಟ್ಸಾಪ್ ಸಂದೇಶವೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಗಿರಣಿಯ ಆವರಣದಲ್ಲೇ ಅಪಘಾತವಾಗಿದ್ದರೆ ಅಥವಾ ಮಾಲೀಕರಿಗೆ ವಿಷಯ ಬೇರೆ ರೀತಿಯಲ್ಲಿ ಗೊತ್ತಾಗಿದ್ದರೆ ನೋಟಿಸು ಕೊಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ.

ಸಾವು ಅಥವಾ ತೀವ್ರ ಗಾಯವಾದಾಗ ಮಾಲೀಕರೇ 7 ದಿನಗಳೊಳಗೆ ಆಯುಕ್ತರಿಗೆ ವರದಿ ಕೊಡಬೇಕೆಂಬ ನಿಯಮವಿದೆ. ಕಾರ್ಖಾನೆಯಾದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ, ಗಣಿಯಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಬೇರೆಯಾಗಿ ತಿಳಿಸಬೇಕು. ಈ ವರದಿಗಳ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆದರೆ ಅದಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಕಷ್ಟ.

ನನ್ನದೇ ಅಜಾಗರೂಕತೆಯಿಂದ ಗಾಯವಾಯಿತು. ಆಗ ಹಕ್ಕು ಹೋಗುತ್ತದೆಯೇ?

ಹೋಗುವುದಿಲ್ಲ. ಯಾರ ತಪ್ಪು ಎಂದು ತೂಗಿ ನೋಡುವುದು ಈ ಕಾನೂನಿನ ದಾರಿಯಲ್ಲ. ಗಾಯ ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಆಯಿತೇ ಎಂಬುದಷ್ಟೇ ಪ್ರಶ್ನೆ. ದಣಿವಿನಿಂದ ಕೈ ಜಾರಿದ್ದು, ಅವಸರದಲ್ಲಿ ಕಾಲು ತಪ್ಪಿದ್ದು, ಇವೆಲ್ಲ ಕೆಲಸದೊಂದಿಗೇ ಬರುವ ಅಪಾಯಗಳು. ಆ ಅಪಾಯದ ಹೊರೆಯನ್ನು ಕೆಲಸದ ಲಾಭ ಪಡೆಯುವವರು ಹೊರಬೇಕೆಂಬುದೇ ಈ ಕಾನೂನಿನ ತಳಹದಿ.

ಮೂರು ಅಪವಾದಗಳಿವೆ. ಮದ್ಯ ಅಥವಾ ಮಾದಕ ವಸ್ತುವಿನ ಅಮಲಿನಿಂದಲೇ ಅಪಘಾತವಾಗಿದ್ದರೆ, ಸುರಕ್ಷತೆಗಾಗಿ ಸ್ಪಷ್ಟವಾಗಿ ಮಾಡಿದ ನಿಯಮವನ್ನು ಬೇಕೆಂದೇ ಮೀರಿದ್ದರೆ, ಅಥವಾ ಸುರಕ್ಷತಾ ಸಾಧನವೆಂದು ಗೊತ್ತಿದ್ದೂ ಅದನ್ನು ಬೇಕೆಂದೇ ತೆಗೆದುಹಾಕಿದ್ದರೆ ಮಾಲೀಕರು ಹೊಣೆಯಿಂದ ಬಿಡುಗಡೆ ಕೇಳಬಹುದು. ಇಲ್ಲಿ 'ಬೇಕೆಂದೇ' ಎಂಬ ಮಾತಿಗೆ ತೂಕವಿದೆ. ಕಾರ್ಖಾನೆಯವರು ಹೆಲ್ಮೆಟ್ಟನ್ನೇ ಕೊಡದೆ, "ಹೆಲ್ಮೆಟ್ ಹಾಕಿರಲಿಲ್ಲ" ಎಂದು ವಾದಿಸಿದರೆ ಅದು ನಿಲ್ಲುವುದಿಲ್ಲ. ಇನ್ನೊಂದು ಮಾತನ್ನು ಬಹಳ ಜನ ತಿಳಿದಿಲ್ಲ: ಕಾರ್ಮಿಕರು ಸತ್ತಾಗ ಅಥವಾ ಅವರಿಗೆ ಸಂಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾದಾಗ ಈ ಮೂರು ಅಪವಾದಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. "ಕುಡಿದಿದ್ದ, ಅದಕ್ಕೇ ಸತ್ತ" ಎಂಬ ಮಾತು ಕೇಳಿ ಹಿಂದೆ ಸರಿದ ಒಬ್ಬ ತಾಯಿಯನ್ನು ನಾನು ಬಲ್ಲೆ. ಅವರು ಹಿಂದೆ ಸರಿಯಬೇಕಾಗಿರಲಿಲ್ಲ.

ನಾನು ದಿನಗೂಲಿಯವನು, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ. ಕೆಲಸಕ್ಕೆ ಕರೆದವರು ಮೇಸ್ತ್ರಿ. ಯಾರನ್ನು ಕೇಳಬೇಕು?

ತಾತ್ಕಾಲಿಕ ಕೆಲಸದವರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯಲ್ಲೇ ಕಾಯ್ದೆಯಿಂದ ತೆಗೆಯಲಾಗಿದೆ. ಒಂದೇ ದಿನ ಕೆಲಸಕ್ಕೆ ಹೋದವರಿಗೂ ಹಕ್ಕಿದೆ. ಕಾರ್ಖಾನೆ, ಗಣಿ, ಕಟ್ಟಡ, ಸರಕು ಏರಿಸಿ ಇಳಿಸುವ ಕೆಲಸ, ಕೊಳವೆಬಾವಿ ಕೊರೆಯುವುದು, ಟ್ರ್ಯಾಕ್ಟರಿನಿಂದ ಮಾಡುವ ಬೇಸಾಯ, ಹೊಲದಲ್ಲಿ ಕೀಟನಾಶಕ ಸಿಂಪಡಿಸುವುದು, ಇವೆಲ್ಲ ಕಾಯ್ದೆಯ ಪಟ್ಟಿಯಲ್ಲಿವೆ.

ಗುತ್ತಿಗೆದಾರರ ಮೂಲಕ ಕೆಲಸ ಮಾಡುವಾಗ, ಆ ಕೆಲಸ ಮುಖ್ಯ ಮಾಲೀಕರ ಉದ್ಯಮದ ಭಾಗವಾಗಿದ್ದು ಅಪಘಾತ ಅವರ ಜಾಗದಲ್ಲಿ ಆಗಿದ್ದರೆ, ಪರಿಹಾರವನ್ನು ಮುಖ್ಯ ಮಾಲೀಕರಿಂದಲೇ ಕೇಳಬಹುದು. ಅವರು ಕೊಟ್ಟು ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಲಿ. ಅದು ಅವರಿಬ್ಬರ ನಡುವಿನ ವ್ಯವಹಾರ. ಅರ್ಜಿಯಲ್ಲಿ ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಸೇರಿಸುವುದು ಕ್ಷೇಮ.

ಕೆಲಸಕ್ಕಿದ್ದುದನ್ನು ತೋರಿಸುವ ದಾಖಲೆ ಯಾವುದಿದೆ ಎಂದು ಕೇಳಿದರೆ ಬಹುತೇಕರು "ಏನೂ ಇಲ್ಲ" ಎನ್ನುತ್ತಾರೆ. ಹುಡುಕಿದರೆ ಸಿಗುತ್ತದೆ. ಮೇಲೆ ಹೇಳಿದ ಗಿರಣಿಯ ಪ್ರಕರಣದಲ್ಲಿ ಅವರ ಹೆಂಡತಿ ಟ್ರಂಕಿನೊಳಗಿಂದ ಒಂದು ಸಣ್ಣ ಪಾಕೆಟ್ ಪುಸ್ತಕ ತಂದುಕೊಟ್ಟರು. ಬೆವರಿಗೆ ಹಾಳೆಗಳು ಉಬ್ಬಿ ಮೂಲೆಗಳು ಮುರುಟಿದ್ದವು, ಸಂದುಗಳಲ್ಲಿ ತೌಡಿನ ಪುಡಿ ಕೂತಿತ್ತು. ಪ್ರತಿ ಸೋಮವಾರದ ಬಟವಾಡೆಯ ಮೊತ್ತ, ಮುರಿದುಕೊಂಡ ಮುಂಗಡ, ಉಳಿದ ಬಾಕಿ, ಮೂರನ್ನೂ ಮೇಸ್ತ್ರಿ ನೀಲಿ ಶಾಯಿಯಲ್ಲಿ ತಾವೇ ಬರೆದುಕೊಟ್ಟಿದ್ದರು. ಗಿರಣಿಯ ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರನ್ನು ಆ ಪುಸ್ತಕ ಎತ್ತಿ ಹಿಡಿಯಿತು. ಫೋನ್‌ಪೇಯಲ್ಲಿ ಬಂದ ಕೂಲಿ, ಗೇಟ್ ಪಾಸು, ಯಂತ್ರದ ಪಕ್ಕ ನಿಂತು ತೆಗೆಸಿಕೊಂಡ ಫೋಟೊ, ಮೇಸ್ತ್ರಿಯ ಕರೆಗಳ ಪಟ್ಟಿ, ಇವೂ ಹಾಗೆಯೇ ಉಪಯೋಗಕ್ಕೆ ಬರುತ್ತವೆ.

ಪರಿಹಾರದ ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಮೂರು ಸಂಗತಿಗಳನ್ನು ಗುಣಿಸುತ್ತಾರೆ: ತಿಂಗಳ ವೇತನದ ಒಂದು ಭಾಗ, ವಯಸ್ಸಿಗೆ ತಕ್ಕ ಗುಣಕ, ಮತ್ತು ಗಳಿಕೆಯ ಸಾಮರ್ಥ್ಯ ಕಳೆದುಹೋದ ಶೇಕಡಾ ಪ್ರಮಾಣ. ಸಾವಿನ ಪ್ರಕರಣದಲ್ಲಿ ವೇತನದ ಶೇ. 50, ಅಂಗವೈಕಲ್ಯದಲ್ಲಿ ಶೇ. 60 ಹಿಡಿಯುತ್ತಾರೆ. ಬದುಕುಳಿದವರಿಗೆ ಹೆಚ್ಚು ಏಕೆಂದರೆ ಅವರ ಊಟ, ಆರೈಕೆಯ ಖರ್ಚು ಮನೆಯ ಮೇಲೆ ಉಳಿದಿರುತ್ತದೆ. ಗುಣಕವು 20ನೇ ವಯಸ್ಸಿಗೆ 224.00, 30ಕ್ಕೆ 207.98, 35ಕ್ಕೆ 197.06, 40ಕ್ಕೆ 184.17, 50ಕ್ಕೆ 153.09. ತಿಂಗಳ ವೇತನ ಎಷ್ಟೇ ಇದ್ದರೂ ಲೆಕ್ಕಕ್ಕೆ ಗರಿಷ್ಠ 15,000 ರೂಪಾಯಿ ಎಂದು 2020ರ ಜನವರಿಯಲ್ಲಿ ನಿಗದಿಯಾಯಿತು. ಅದಕ್ಕಿಂತ ಮೊದಲು ಆ ಮಿತಿ 8,000 ಇತ್ತು. ಸೂತ್ರದ ಪ್ರಕಾರ ಎಷ್ಟೇ ಕಡಿಮೆ ಬಂದರೂ ಸಾವಿಗೆ 1,20,000ಕ್ಕಿಂತ, ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 1,40,000ಕ್ಕಿಂತ ಕಡಿಮೆ ಕೊಡುವಂತಿಲ್ಲ.

ಗಿರಣಿಯ ಅದೇ ಕಾರ್ಮಿಕರ ಲೆಕ್ಕ ನೋಡೋಣ. ವೇತನ ತಿಂಗಳಿಗೆ 12,000, ಅದರ ಶೇ. 60 ಎಂದರೆ 7,200. ವಯಸ್ಸು 35, ಗುಣಕ 197.06. ಎರಡನ್ನೂ ಗುಣಿಸಿದರೆ 14,18,832. ಒಂದು ಕೈಯ ಮೂರು ಬೆರಳು ಹೋದರೆ ಕಾಯ್ದೆಯ ಪಟ್ಟಿಯಲ್ಲಿ ಶೇ. 30, ಆದ್ದರಿಂದ ಸಿಗಬೇಕಾದದ್ದು ಸುಮಾರು 4,25,650 ರೂಪಾಯಿ. ಗಿರಣಿಯವರು ಮೊದಲು ಕೊಡಲು ಮುಂದೆ ಬಂದಿದ್ದು ಮೂವತ್ತು ಸಾವಿರ, ಮತ್ತು ಆ ಮನೆಯವರು ಅದನ್ನು ದೊಡ್ಡ ಮೊತ್ತವೆಂದೇ ಭಾವಿಸಿದ್ದರು. ಇಷ್ಟು ಲೆಕ್ಕವನ್ನು ಪ್ರತಿ ಮನೆಯವರೂ ಕಾಗದದ ಮೇಲೆ ತಾವೇ ಮಾಡಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ.

ದಿನಗೂಲಿಯಾದರೆ, ಅಪಘಾತಕ್ಕೆ ಮುಂಚೆ ಸತತವಾಗಿ ಕೆಲಸ ಮಾಡಿದ ಅವಧಿಯ ಒಟ್ಟು ಕೂಲಿಯನ್ನು ಆ ದಿನಗಳಿಂದ ಭಾಗಿಸಿ 30ರಿಂದ ಗುಣಿಸಿ ತಿಂಗಳ ವೇತನ ಕಂಡುಹಿಡಿಯುತ್ತಾರೆ. ಒಂದು ತಿಂಗಳೂ ಆಗಿರದಿದ್ದರೆ ಅಂಥದೇ ಕೆಲಸದ ಬೇರೊಬ್ಬರ ಸರಾಸರಿ ಗಳಿಕೆಯನ್ನು ಹಿಡಿಯುತ್ತಾರೆ. ಮಾಲೀಕರು ವೇತನವನ್ನು ಕಡಿಮೆ ಹೇಳಿದಾಗ ಸರ್ಕಾರ ಅಧಿಸೂಚಿಸಿದ ಕನಿಷ್ಠ ವೇತನದ ದರವನ್ನು ಮುಂದಿಡಬೇಕು.

ಗಾಯ ವಾಸಿಯಾಗುವವರೆಗೆ ಮನೆಯಲ್ಲೇ ಇರಬೇಕಾಗಿದೆ. ಆ ದಿನಗಳ ಕೂಲಿ?

ತಾತ್ಕಾಲಿಕ ಅಸಾಮರ್ಥ್ಯಕ್ಕೆ ಪ್ರತಿ ಅರ್ಧ ತಿಂಗಳಿಗೆ ತಿಂಗಳ ವೇತನದ ಶೇ. 25ರಂತೆ, ಹೆಚ್ಚೆಂದರೆ 5 ವರ್ಷದವರೆಗೆ ಕೊಡಬೇಕು. 12,000 ವೇತನದವರಿಗೆ ಹದಿನೈದು ದಿನಕ್ಕೊಮ್ಮೆ 3,000 ಬರುತ್ತದೆ. ಅಸಾಮರ್ಥ್ಯ 28 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮೊದಲ ಕಂತು 16ನೇ ದಿನ. ಅಸಾಮರ್ಥ್ಯ ಮೂರು ದಿನವನ್ನು ಮೀರದಿದ್ದರೆ ಪರಿಹಾರವಿಲ್ಲ.

ವೈದ್ಯರು ಕೈಗೆ ಶೇ. 40 ಅಂಗವೈಕಲ್ಯ ಎಂದಿದ್ದಾರೆ. ಪರಿಹಾರವೂ ಶೇ. 40 ಮಾತ್ರವೇ?

ಇಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೆಂದು ಭಾವಿಸಿ ಬಹಳ ಹಣ ಕೈತಪ್ಪುತ್ತದೆ. ದೇಹದ ಅಂಗ ಎಷ್ಟು ಊನವಾಗಿದೆ ಎಂಬುದು ಒಂದು. ಆ ಊನದಿಂದ ದುಡಿಯುವ ಶಕ್ತಿ ಎಷ್ಟು ಕಡಿಮೆಯಾಗಿದೆ ಎಂಬುದು ಇನ್ನೊಂದು. ಹೆಬ್ಬೆರಳಿಗೆ ಶೇ. 30, ಒಂದು ಕೈಯ ನಾಲ್ಕು ಬೆರಳಿಗೆ ಶೇ. 50, ಎರಡು ಬೆರಳಿಗೆ ಶೇ. 20, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ. 40, ಎರಡೂ ಕೈ ಹೋದರೆ ಶೇ. 100 ಎಂದು ಕಾಯ್ದೆಯ ಪಟ್ಟಿ ಹೇಳುತ್ತದೆ. ಪಟ್ಟಿಯಲ್ಲಿ ಇಲ್ಲದ ಗಾಯಗಳಿಗೆ, ಅಂದರೆ ಬೆನ್ನುಹುರಿಯ ಪೆಟ್ಟು, ಸುಟ್ಟ ಗಾಯ, ಕೂಡದ ಮೂಳೆ ಇಂಥವಕ್ಕೆ, ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆ ಎಂದು ಅರ್ಹ ವೈದ್ಯರು ಅಂದಾಜು ಮಾಡಬೇಕು.

1975ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಬಡಗಿಯ ಪ್ರಕರಣ ತೀರ್ಮಾನಿಸಿತು. ಸಿನಿಮಾ ಮಂದಿರದಲ್ಲಿ ಅಲಂಕಾರದ ಕೆಲಸ ಮಾಡುವಾಗ ಬಿದ್ದ ಅವರ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಯಿತು. ಒಂದೇ ಕೈಯಿಂದ ಬಡಗಿತನ ಮಾಡಲಾಗದು, ಆದ್ದರಿಂದ ನಷ್ಟ ಪೂರ್ತಿ ಎಂದು ಆಯುಕ್ತರು ಹೇಳಿದ್ದನ್ನು ನ್ಯಾಯಾಲಯ ಎತ್ತಿ ಹಿಡಿಯಿತು. ಹಾಗಾಗಿ ವೈದ್ಯರ ಮುಂದೆ ಹೋದಾಗ ಗಾಯವನ್ನಷ್ಟೇ ತೋರಿಸಿ ಬರಬಾರದು. ಮಾಡುತ್ತಿದ್ದ ಕೆಲಸವನ್ನೂ ವಿವರಿಸಬೇಕು. ಐವತ್ತು ಕಿಲೋ ಚೀಲವನ್ನು ಬೆನ್ನಿಗೇರಿಸಿ ಹಲಗೆ ಹತ್ತುವ ಹಮಾಲರಿಗೆ ಮಂಡಿ ಮಡಚಲಾಗದಿದ್ದರೆ ಆಗುವ ನಷ್ಟವೇ ಬೇರೆ, ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರಿಗೆ ಆಗುವ ನಷ್ಟವೇ ಬೇರೆ.

ನನಗೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇದೆ. ಈ ಪರಿಹಾರವೂ ಸಿಗುತ್ತದೆಯೇ?

ಎರಡೂ ಒಟ್ಟಿಗೆ ಸಿಗುವುದಿಲ್ಲ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ, ಇ.ಎಸ್.ಐ. ವ್ಯಾಪ್ತಿಗೆ ಬಂದ ಕಾರ್ಮಿಕರು ಕೆಲಸದ ಗಾಯಕ್ಕೆ ಇ.ಎಸ್.ಐ.ಯಿಂದಲೇ ಸೌಲಭ್ಯ ಪಡೆಯಬೇಕು. ಅಲ್ಲಿ ಇಡುಗಂಟಿನ ಬದಲು ತಿಂಗಳ ಪಾವತಿ ಬರುತ್ತದೆ. ತಾತ್ಕಾಲಿಕ ಅಸಾಮರ್ಥ್ಯಕ್ಕೆ ಸರಾಸರಿ ದಿನದ ವೇತನದ ಶೇ. 90, ಶಾಶ್ವತ ಅಂಗವೈಕಲ್ಯಕ್ಕೆ ಅದರ ಪ್ರಮಾಣಕ್ಕೆ ತಕ್ಕಂತೆ ಜೀವನಪರ್ಯಂತ. ಇಂತಿಷ್ಟು ದಿನ ವಂತಿಗೆ ಕಟ್ಟಿರಲೇಬೇಕೆಂಬ ಷರತ್ತು ಕೆಲಸದ ಗಾಯಕ್ಕೆ ಇಲ್ಲ. ಸೇರಿದ ಮೊದಲ ದಿನ ಗಾಯವಾದರೂ ಸೌಲಭ್ಯವಿದೆ. ಹಳೆಯ ಕಾನೂನಿನಲ್ಲಿ ಗಣಿಗಳು ಇ.ಎಸ್.ಐ. ವ್ಯಾಪ್ತಿಯ ಹೊರಗಿದ್ದವು, ಆದ್ದರಿಂದ ಸಂಡೂರಿನ ಗಣಿಗಳ ಆ ಕಾಲದ ಅಪಘಾತಗಳಿಗೆ 1923ರ ಕಾಯ್ದೆಯೇ ದಾರಿ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಪಘಾತವಾದರೆ?

ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಬರುವಾಗ ಆದ ಅಪಘಾತಕ್ಕೂ, ಅದರ ಸಮಯ, ಸ್ಥಳ ಮತ್ತು ಸಂದರ್ಭಕ್ಕೆ ಕೆಲಸದೊಂದಿಗೆ ನಂಟಿದೆ ಎಂದು ತೋರಿಸಿದರೆ, ಪರಿಹಾರವಿದೆ ಎಂದು ಹೊಸ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಹಳೆಯ ಕಾಯ್ದೆಯಡಿಯೂ ಹೀಗೆಯೇ ಅರ್ಥೈಸಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟ್, ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ರಸ್ತೆ ಅಪಘಾತವಾದ್ದರಿಂದ ಮೋಟಾರು ವಾಹನ ಕಾಯ್ದೆಯಡಿಯೂ ಕ್ಲೇಮು ಹಾಕಬಹುದು, ಆದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ನಾಟಿಗೆ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೋಗುವಾಗ ಗಾಯಗೊಂಡ ಹೆಣ್ಣುಮಕ್ಕಳ ಪ್ರಕರಣಗಳಲ್ಲಿ ಈ ಆಯ್ಕೆಯನ್ನು ವಕೀಲರೊಂದಿಗೆ ಕೂತು ಯೋಚಿಸಿಯೇ ಮಾಡಬೇಕು.

ಬೆಂಗಳೂರಿಗೆ ಗುಳೆ ಹೋದಾಗ ಕಟ್ಟಡದಿಂದ ಬಿದ್ದೆ. ಈಗ ಊರಿಗೆ ಬಂದಿದ್ದೇನೆ. ಅಲ್ಲಿಗೇ ಹೋಗಿ ಕೇಸು ಹಾಕಬೇಕೇ?

ಬೇಕಿಲ್ಲ. ಅಪಘಾತ ನಡೆದ ಸ್ಥಳ, ಅರ್ಜಿದಾರರು ಸಾಮಾನ್ಯವಾಗಿ ವಾಸಿಸುವ ಸ್ಥಳ, ಮಾಲೀಕರ ನೋಂದಾಯಿತ ಕಚೇರಿ ಇರುವ ಸ್ಥಳ, ಈ ಮೂರರಲ್ಲಿ ಎಲ್ಲಿಯಾದರೂ ಅರ್ಜಿ ಹಾಕಬಹುದು. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಗುಳೆ ಹೋಗುವ ಸಾವಿರಾರು ಕುಟುಂಬಗಳಿಗೆ ಕಾನೂನು ಕೊಟ್ಟ ಇಷ್ಟು ದೊಡ್ಡ ಅನುಕೂಲ ಇನ್ನೊಂದಿಲ್ಲ. ಬೆಂಗಳೂರಿನ ಖರ್ಚಿಗೆ ಹೆದರಿ ಅರ್ಜಿಯನ್ನೇ ಹಾಕದೆ ಬಿಟ್ಟವರು ಬಹಳ ಜನ. ಹೊರಡುವ ಮುನ್ನ ಕಟ್ಟಡದ ಹೆಸರು, ಬಡಾವಣೆ, ಬಿಲ್ಡರ್ ಮತ್ತು ಮೇಸ್ತ್ರಿಯ ಹೆಸರನ್ನು ಮನೆಯಲ್ಲಿ ಬರೆದಿಟ್ಟು ಹೋಗಬೇಕು. ನೋಟಿಸು ಕಳಿಸಲು ವಿಳಾಸವೇ ಇಲ್ಲದಿದ್ದರೆ ಹಕ್ಕಿದ್ದೂ ಕೈಕಟ್ಟಿದಂತಾಗುತ್ತದೆ.

ದುಡಿಯುವವರು ತೀರಿಹೋದರೆ ಹಣ ಯಾರಿಗೆ ಸೇರುತ್ತದೆ?

ವಿಧವೆ, ಅಪ್ರಾಪ್ತ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು ಮತ್ತು ವಿಧವೆ ತಾಯಿ ನೇರ ಅವಲಂಬಿತರು. ತಂದೆ, ವಿಧವೆ ಸೊಸೆ ಮುಂತಾದವರು ಸತ್ತವರ ದುಡಿಮೆಯ ಮೇಲೆ ಅವಲಂಬಿಸಿದ್ದರೆಂದು ತೋರಿಸಬೇಕು. ಸಾವಿನ ಪರಿಹಾರವನ್ನು ಮಾಲೀಕರು ಮನೆಯವರ ಕೈಗೆ ಕೊಡುವಂತಿಲ್ಲ. ಆಯುಕ್ತರಲ್ಲಿ ಠೇವಣಿ ಇಡಬೇಕು, ಆಯುಕ್ತರು ಅದನ್ನು ಹಂಚಬೇಕು, ಮಕ್ಕಳ ಪಾಲನ್ನು ಅವರ ಹೆಸರಿನಲ್ಲಿ ತೊಡಗಿಸಬಹುದು. ಅದಕ್ಕೆ ಮೊದಲು ಮಾಲೀಕರು ಕೊಡಬಹುದಾದದ್ದು ಮೂರು ತಿಂಗಳ ವೇತನದಷ್ಟು ಮುಂಗಡ ಮಾತ್ರ. ಅಂತ್ಯಕ್ರಿಯೆಗೆ ಕನಿಷ್ಠ 5,000 ಬೇರೆಯಾಗಿ ಕೊಡಬೇಕು. ಮಣ್ಣು ಮುಗಿಯುವ ಮುಂಚೆಯೇ ಹಿರಿಯರನ್ನು ಕೂಡಿಸಿ ಇಷ್ಟು ಕೊಟ್ಟು ಮುಗಿಸೋಣ ಎನ್ನುವ ಪದ್ಧತಿಯಲ್ಲಿ ಆ ಹೆಣ್ಣುಮಗಳ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಹಣವನ್ನು ಆಯುಕ್ತರಲ್ಲಿ ಇಡಬೇಕೆಂದು ಕಾನೂನು ಕಟ್ಟುನಿಟ್ಟು ಮಾಡಿರುವುದು ಇಂಥ ಗಳಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಎಂದು ನನಗನ್ನಿಸುತ್ತದೆ.

ಬಾಂಡ್ ಪೇಪರಿನ ಮೇಲೆ "ಇನ್ನೇನೂ ಕೇಳುವುದಿಲ್ಲ" ಎಂದು ಸಹಿ ಹಾಕಿಬಿಟ್ಟಿದ್ದೇನೆ. ಎಲ್ಲ ಮುಗಿಯಿತೇ?

ಮುಗಿದಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಒಪ್ಪಂದ ಕಾನೂನಿನ ಮುಂದೆ ಶೂನ್ಯ. ಇಡುಗಂಟಿನ ಒಪ್ಪಂದವನ್ನು ಆಯುಕ್ತರಲ್ಲಿ ನೋಂದಾಯಿಸಬೇಕು, ಮತ್ತು ಮೊತ್ತ ಸಾಲದೆಂದೋ ವಂಚನೆಯಿದೆಯೆಂದೋ ಕಂಡುಬಂದರೆ ಅವರು ನೋಂದಣಿ ನಿರಾಕರಿಸಬಹುದು. ನೋಂದಣಿಗೆ ಕಳಿಸದ ಒಪ್ಪಂದವಾದರೆ ಮಾಲೀಕರು ಪೂರ್ತಿ ಪರಿಹಾರಕ್ಕೆ ಹೊಣೆಯಾಗುತ್ತಾರೆ. ಆಯುಕ್ತರು ಬೇರೆ ಹೇಳದ ಹೊರತು, ಪರಿಹಾರವೆಂದು ಈಗಾಗಲೇ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುವಂತಿಲ್ಲ. ಹಾಗೆಂದು ಸಹಿ ಹಾಕುವುದು ನಿರಪಾಯವೆಂದು ತಿಳಿಯಬಾರದು. ಆ ಕಾಗದದಲ್ಲಿ "ಅಪಘಾತ ಹೊರಗೆ ಆಯಿತು" ಎಂಬ ಒಂದು ಸಾಲಿದ್ದರೂ ಅದನ್ನು ಎದುರಿಸಲು ವರ್ಷ ಹಿಡಿಯುತ್ತದೆ.

ಮಾಲೀಕರು ಕೂಲಿಯ ಮೇಲೆ ಮುಂಗಡ ಕೊಟ್ಟಿದ್ದರು. ಅದನ್ನು ಪರಿಹಾರದಲ್ಲಿ ಮುರಿದುಕೊಳ್ಳಬಹುದೇ?

ಮುರಿದುಕೊಳ್ಳುವಂತಿಲ್ಲ. ಪರಿಹಾರದ ಹಣವನ್ನು ಸಾಲಕ್ಕೆ ಜಪ್ತಿ ಮಾಡುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತಿಲ್ಲ, ಯಾವುದೇ ಬಾಕಿಗೆ ವಜಾ ಹಾಕುವಂತಿಲ್ಲ. ಇಟ್ಟಿಗೆ ಭಟ್ಟಿಗಳ ಮತ್ತು ಗಿರಣಿಗಳ ಮುಂಗಡದ ವ್ಯವಹಾರಕ್ಕೂ ಇದೇ ಮಾತು.

ಧೂಳಿನಿಂದ ಬಂದ ಕಾಯಿಲೆಗೂ ಪರಿಹಾರವಿದೆಯೇ?

ಇದೆ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ಮತ್ತು ಅದರ ಜೊತೆಗೂಡಿದ ಕ್ಷಯ ಕಾಯ್ದೆಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿವೆ. ಗ್ರಾನೈಟ್ ಕ್ವಾರಿಗಳಲ್ಲಿ, ಕ್ರಷರುಗಳಲ್ಲಿ ದುಡಿದವರಿಗೆ ಕೆಮ್ಮು ಬಂದಾಗ ಬರೀ ಟಿ.ಬಿ. ಎಂದು ಔಷಧ ಕೊಟ್ಟು ಕಳಿಸುವುದುಂಟು. ಆದ್ದರಿಂದ ಎಷ್ಟು ವರ್ಷ, ಎಂಥ ಧೂಳಿನಲ್ಲಿ ಕೆಲಸ ಮಾಡಿದಿರೆಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಿ ಬರೆಸಬೇಕು.

ಅರ್ಜಿ ಎಲ್ಲಿ, ಎಷ್ಟು ದಿನದೊಳಗೆ ಹಾಕಬೇಕು? ವಕೀಲರಿಗೆ ಕೊಡಲು ಹಣವಿಲ್ಲ.

ಅಪಘಾತವಾದ, ಅಥವಾ ಸಾವು ಸಂಭವಿಸಿದ, ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಸರಿಯಾದ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗಿದೆ, ಆದರೆ ಅದನ್ನು ನಂಬಿ ಕೂರಬಾರದು. ಕರ್ನಾಟಕದಲ್ಲಿ ಹಳೆಯ ಕಾಯ್ದೆಯ ಆಯುಕ್ತರ ಕೆಲಸವನ್ನು ಹಿರಿಯ ಸಿವಿಲ್ ನ್ಯಾಯಾಧೀಶರು ನಿರ್ವಹಿಸುತ್ತ ಬಂದಿದ್ದಾರೆ. ಮೊದಲು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನು ಅಥವಾ ಜಿಲ್ಲೆಯ ಕಾರ್ಮಿಕ ಅಧಿಕಾರಿಯನ್ನು ಕಂಡರೆ ದಾರಿ ತಿಳಿಯುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, 15100 ಸಂಖ್ಯೆಗೆ ಕರೆಯನ್ನೂ ಮಾಡಬಹುದು. ಸಿಕ್ಕ ಪರಿಹಾರದಲ್ಲಿ ಇಷ್ಟು ಪಾಲು ಕೊಡಬೇಕೆಂದು ಕೇಳುವ ಮಧ್ಯವರ್ತಿಗಳನ್ನು ಆಸ್ಪತ್ರೆಯ ಬಾಗಿಲಿನಿಂದಲೇ ದೂರವಿಡಬೇಕು.

ಮಾಲೀಕರು ತಡಮಾಡುತ್ತಲೇ ಇದ್ದರೆ, ಅಥವಾ ಆದೇಶವಾದ ಮೇಲೂ ಕೊಡದಿದ್ದರೆ?

ಪರಿಹಾರ ಆದೇಶದ ದಿನವಲ್ಲ, ಅಪಘಾತದ ದಿನವೇ ಸಲ್ಲಬೇಕಾದದ್ದು ಎಂದು ಬಡಗಿಯ ಅದೇ ತೀರ್ಪು ಹೇಳಿದೆ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರಂತೆ ಬಡ್ಡಿ ಕಟ್ಟಬೇಕು. ತಡಕ್ಕೆ ಸಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡವೂ ಬೀಳುತ್ತದೆ. ಗಿರಣಿಯ ಲೆಕ್ಕದಲ್ಲಿ ವರ್ಷದ ಬಡ್ಡಿಯೇ 51,078 ರೂಪಾಯಿ ಆಗುತ್ತದೆ. ವಿಮೆ ಇದ್ದರೆ ಪರಿಹಾರ ಮತ್ತು ಬಡ್ಡಿಯನ್ನು ವಿಮಾ ಕಂಪನಿ ಕೊಡಬೇಕಾಗಬಹುದು, ಆದರೆ ದಂಡವನ್ನು ಮಾಲೀಕರೇ ತಮ್ಮ ಕೈಯಿಂದ ಕಟ್ಟಬೇಕೆಂದು 1997ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ವಿಮೆ ಮಾಡಿಸಿಲ್ಲವೆಂಬುದು ಹೊಣೆ ತಪ್ಪಿಸಿಕೊಳ್ಳಲು ಕಾರಣವಾಗುವುದಿಲ್ಲ.

ಆದೇಶದ ಮೊತ್ತವನ್ನು ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ಮಾಲೀಕರು ಹೈಕೋರ್ಟಿಗೆ ಮೇಲ್ಮನವಿ ಹೋಗಬೇಕಾದರೆ 60 ದಿನದೊಳಗೆ ಹೋಗಬೇಕು, ಅದಕ್ಕೂ ಮೊದಲು ಪೂರ್ತಿ ಹಣವನ್ನು ಠೇವಣಿ ಇಡಬೇಕು. ಬಳ್ಳಾರಿ ಮತ್ತು ಕೊಪ್ಪಳದ ಮೇಲ್ಮನವಿಗಳು ಧಾರವಾಡ ಪೀಠದಲ್ಲಿ, ರಾಯಚೂರಿನವು ಕಲಬುರಗಿ ಪೀಠದಲ್ಲಿ ನಡೆಯುತ್ತವೆ. ಮೇಲ್ಮನವಿಯ ನೋಟಿಸು ಬಂತೆಂದು ಗಾಬರಿಯಾಗಿ ಅರ್ಧಕ್ಕೆ ರಾಜಿಗೆ ಒಪ್ಪುವವರಿದ್ದಾರೆ. ನೋಟಿಸು ಕೈಗೆ ಬಂದ ದಿನ ಮಾಡಬೇಕಾದ ಕೆಲಸ ಒಂದೇ: ಠೇವಣಿ ಇಟ್ಟಿದ್ದಾರೆಯೇ ಎಂದು ವಕೀಲರಿಂದ ವಿಚಾರಿಸುವುದು.